"ಹುಡುಗ್ರು ಎಷ್ಟು ಮಂದಿ ಅದಾರ್ರಿ?"

2025ರ ಆಗಸ್ಟ್‌ನಲ್ಲಿ ರಜೆಗೆ ಕಲಬುರಗಿಗೆ ಬಂದಿದ್ದೆ. ಊರಲ್ಲಿ 'ಮಹಾವತಾರ್ ನರಸಿಂಹ' ಎಂಬ ಕಾರ್ಟೂನ್ ಸಿನಿಮಾ ಓಡುತ್ತಿತ್ತು. ಒಂದು ಮಧ್ಯಾಹ್ನ ಹೋಗಿ ಟಿಕೆಟ್ ಕೌಂಟರ್ ಮುಂದೆ ನಿಂತೆ. ಒಳಗಿದ್ದ ಹುಡುಗ ಕೇಳಿದ, "ಹುಡುಗ್ರು ಎಷ್ಟು ಮಂದಿ ಅದಾರ್ರಿ?"

"ಹುಡುಗ್ರಿಲ್ಲಪ, ನಾ ಒಬ್ನೇ" ಅಂದೆ.

ಅವನು ಒಮ್ಮೆ ನನ್ನ ನರೆತ ಮೀಸೆ ನೋಡಿದ, ಒಮ್ಮೆ ಪೋಸ್ಟರ್ ನೋಡಿದ. ಆಮೇಲೆ ಅವನೇ ನನ್ನನ್ನು ಪಾರು ಮಾಡಿದ. "ಹಾಂ, ದೇವರ ಸಿನಿಮಾ ಅಲ್ಲೇನ್ರಿ. ನೋಡ್ರಿ, ನೋಡ್ರಿ."

ನಿಜ ಹೇಳಬೇಕೆಂದರೆ ನಾನು ದೇವರಿಗಾಗಿ ಹೋಗಿರಲಿಲ್ಲ. ಗೊಂಬೆ ಸಿನಿಮಾ ಅಂದರೆ ನನಗೆ ಆಸೆ, ಅಷ್ಟೇ. ಒಂಟಿಯಾಗಿ ಹೋಗುವ ಯೋಚನೆಯೂ ಇರಲಿಲ್ಲ. ಬೆಳಗ್ಗೆ ಅಕ್ಕನ ಮಗನನ್ನು ಕರೆದಿದ್ದೆ. ಅವನಿಗೆ ಹದಿಮೂರು ವರ್ಷ. ಮೊಬೈಲ್‌ನಿಂದ ತಲೆ ಎತ್ತದೆ, "ಮಾಮಾ, ಕಾರ್ಟೂನ್ ಸಣ್ಣ ಹುಡುಗ್ರು ನೋಡ್ತಾರ" ಅಂದ. ಅವನ ಲೆಕ್ಕದಲ್ಲಿ ಅವನು ದೊಡ್ಡವನಾಗಿದ್ದ, ನಾನು ಇನ್ನೂ ಆಗಿರಲಿಲ್ಲ.

ನಾನಿರುವುದು ಜಪಾನಿನ ನಗೋಯಾದಲ್ಲಿ. ವಾಹನದ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ. 2014ರ ಬೇಸಿಗೆಯಲ್ಲಿ ಊರು ಬಿಟ್ಟಾಗ ಅದು ಗುಲ್ಬರ್ಗ, ತಿರುಗಿ ಬರುವಷ್ಟರಲ್ಲಿ ಕಲಬುರಗಿ ಆಗಿತ್ತು. ಜಪಾನಿಗೆ ಹೋದ ಹೊಸದರಲ್ಲಿ ನನಗೆ ಆಶ್ಚರ್ಯ ಆಗಿದ್ದು ಬುಲೆಟ್ ರೈಲು ನೋಡಿ ಅಲ್ಲ. ನಮ್ಮ ವಿಭಾಗದ ಮುಖ್ಯಸ್ಥರು, ನಿವೃತ್ತಿಗೆ ನಾಲ್ಕೈದು ವರ್ಷ ಉಳಿದಿದ್ದವರು, ಒಂದು ಸಂಜೆ ಕೋಟು ಹಾಕಿಕೊಂಡು, "ಹೊಸ ಕಾನನ್ ಸಿನಿಮಾ ಬಂದಿದೆ, ಒಂದು ಆಟ ನೋಡಿ ಮನೆಗೆ ಹೋಗ್ತೀನಿ" ಅಂದರು. ಕಾನನ್ ಅಂದರೆ ಪತ್ತೇದಾರಿ ಹುಡುಗನ ಕಾರ್ಟೂನ್. ಸುತ್ತ ಇದ್ದವರು ಯಾರೂ ನಗಲಿಲ್ಲ. ಮರುದಿನ ಊಟದ ಹೊತ್ತಲ್ಲಿ ಹೇಗಿತ್ತು ಅಂತ ಕೇಳಿದರು, ಅವರು ಹೇಳಿದರು. ಮಾತು ಮುಗಿಯಿತು.

ಜಪಾನಿನಲ್ಲಿ ಅತಿ ಹೆಚ್ಚು ದುಡ್ಡು ಮಾಡಿದ ಸಿನಿಮಾ ಕೂಡ ಕಾರ್ಟೂನೇ. 2001ರಲ್ಲಿ ಬಂದ ಮಿಯಾಝಾಕಿ ಅವರ 'ಸ್ಪಿರಿಟೆಡ್ ಅವೇ' ಸುಮಾರು 20 ವರ್ಷ ಮೊದಲ ಸ್ಥಾನದಲ್ಲಿತ್ತು. 2020ರಲ್ಲಿ ಕೊರೊನಾ ನಡುವೆ ಬಂದ 'ಡೀಮನ್ ಸ್ಲೇಯರ್' ಸಿನಿಮಾ ಅದನ್ನು ಹಿಂದೆ ಹಾಕಿತು. ಮಕ್ಕಳ ಟಿಕೆಟ್‌ನಿಂದಲೇ ಅಷ್ಟು ದುಡ್ಡು ಬರುತ್ತದಾ?

ನಮ್ಮವರು ರಸ ಇಲ್ಲದ ಮಂದಿಯೇನೂ ಅಲ್ಲ. ನಮ್ಮಜ್ಜ ದೊಡ್ಡಾಟ ಅಂದರೆ ಕಂಬಳಿ ಹೊದ್ದು ಬೆಳಗಾಗುವವರೆಗೆ ಕೂರುತ್ತಿದ್ದ. ಮುಖಕ್ಕೆ ಬಣ್ಣ, ಭುಜಕೀರ್ತಿ, ಕಿರೀಟ, ನೆಲ ನಡುಗುವ ಕುಣಿತ. ಅದಕ್ಕಿಂತ ದೊಡ್ಡ ಕಾರ್ಟೂನ್ ಬೇಕಾ? ನಾನು ಸಣ್ಣವನಿದ್ದಾಗ ಭಾನುವಾರ ದೂರದರ್ಶನದಲ್ಲಿ ಮೋಗ್ಲಿ ಬರುತ್ತಿದ್ದ. ಟಿವಿ ಇದ್ದ ಮನೆಯಲ್ಲಿ ಓಣಿಯ ಹುಡುಗರ ಹಿಂದೆ ದೊಡ್ಡವರೂ ನಿಂತಿರುತ್ತಿದ್ದರು, ಸುಮ್ನೆ ಬಾಗಿಲಿಗೆ ಒರಗಿಕೊಂಡು, ತಾವು ನೋಡುತ್ತಿಲ್ಲ ಎಂಬಂತೆ. ಆ ಧಾರಾವಾಹಿಯನ್ನು ಮಾಡಿದ್ದು ಜಪಾನಿನವರು ಅಂತ ನನಗೆ ಗೊತ್ತಾಗಿದ್ದು ನಗೋಯಾಕ್ಕೆ ಹೋದ ಮೇಲೆ.

ಆ ಬಾಗಿಲಿಗೆ ಒರಗಿ ನಿಲ್ಲುವುದೇ ನನಗೆ ಬೇಸರ. ನಮ್ಮಲ್ಲಿ ದೊಡ್ಡವರಿಗೆ ಒಂದು ನೆಪ ಬೇಕು. ಮಗು ಜೊತೆಗಿದ್ದರೆ ಸರಿ, ದೇವರಿದ್ದರೆ ಇನ್ನೂ ಸರಿ. ಖುಷಿಗೆ ನೋಡಿದೆ ಅಂದರೆ ಮಾತ್ರ, "ತಮ್ಮಾ, ಲಗ್ನ ಆಗಿ ಎರಡು ಮಕ್ಕಳಾದ್ವು, ಇನ್ನಾ ಗೊಂಬಿ ನೋಡ್ತಿ?" ಅಂತ ಕಾಕಾ ಶುರು ಮಾಡುತ್ತಾರೆ. ಅದೇ ಕಾಕಾ ದಿನಾ ರಾತ್ರಿ ಎರಡು ತಾಸು ಅತ್ತೆ ಸೊಸೆ ಜಗಳ ನೋಡುತ್ತಾರೆ. ಅದು ದೊಡ್ಡವರ ಕೆಲಸವಂತೆ!

ಜಪಾನಿನದೆಲ್ಲ ಚೆಂದ ಅಂತಲ್ಲ. ಅಲ್ಲಿ ಥಿಯೇಟರ್ ಅಂದರೆ ಪರೀಕ್ಷೆ ಕೋಣೆ. ಇಂಟರ್ವೆಲ್ ಇಲ್ಲ. ಕೊನೆಯ ಹೆಸರು ಓಡಿ ದೀಪ ಹತ್ತುವವರೆಗೂ ಹೆಚ್ಚಿನವರು ಏಳುವುದಿಲ್ಲ. ನಗು ಬಂದರೂ ಬಾಯಿ ಮುಚ್ಚಿಕೊಂಡು ನಗಬೇಕು. ಕಲಬುರಗಿಯಲ್ಲಿ ನರಸಿಂಹ ಕಂಬ ಒಡೆದು ಬಂದಾಗ ಎದ್ದ ಸಿಳ್ಳೆ, ನನ್ನ ಹಿಂದಿನ ಸಾಲಿನ ಅಜ್ಜಿ "ಬಂದ ನೋಡೋ, ಬಂದ!" ಅಂತ ನನ್ನ ಭುಜಕ್ಕೇ ಹೊಡೆದಿದ್ದು, ಇದೆಲ್ಲ ನಗೋಯಾದಲ್ಲಿ ಎಷ್ಟು ಯೆನ್ ಕೊಟ್ಟರೂ ಸಿಗಲ್ಲ.

ಆ ವಾರವೇ ಮನೆಯಲ್ಲಿ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ 'ಮೈ ನೇಬರ್ ಟೊಟೊರೊ' ಹಾಕಿದೆ. 1988ರ ಸಿನಿಮಾ. ಮಾತು ಜಪಾನಿ, ಕೆಳಗಿನ ಸಾಲು ಇಂಗ್ಲಿಷ್. ಅವ್ವಗೆ ಎರಡೂ ಬರಲ್ಲ. ತೊಗರಿಬೇಳೆ ಹಸನು ಮಾಡುತ್ತಾ ಕೂತಿದ್ದಳು, ನಾನು ನಡುನಡುವೆ ಕನ್ನಡದಲ್ಲಿ ಹೇಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಹೇಳುವುದೇ ಬೇಕಾಗಲಿಲ್ಲ. ತೋಟದ ಸೌತೆಕಾಯಿಯನ್ನು ಹರಿಯುವ ನೀರಲ್ಲಿ ತಣ್ಣಗೆ ಇಟ್ಟಿದ್ದನ್ನು ನನಗಿಂತ ಮೊದಲು ಅವಳೇ ಗುರುತಿಸಿದಳು. ಅದಕ್ಕೂ ಮೊದಲೇ ಮಳೆಯ ದೃಶ್ಯ ಬಂದಿತ್ತು. ಅಪ್ಪ ಬರುವ ಬಸ್ಸಿಗೆ ಕಾಯುತ್ತಾ ಅಕ್ಕ ನಿಂತಿದ್ದಾಳೆ, ಬೆನ್ನ ಮೇಲೆ ತಂಗಿಗೆ ನಿದ್ದೆ. ಬಸ್ಸು ಬರುತ್ತಿಲ್ಲ. ಪಕ್ಕಕ್ಕೆ ಟೊಟೊರೊ ಎಂಬ ಕಾಡಿನ ದೊಡ್ಡ ವಿಚಿತ್ರ ಪ್ರಾಣಿ ಬಂದು ನಿಲ್ಲುತ್ತದೆ, ತಲೆ ಮೇಲೆ ಒಂದು ಎಲೆ. ಹುಡುಗಿ ಅದಕ್ಕೆ ಛತ್ರಿ ಕೊಡುತ್ತಾಳೆ. ಛತ್ರಿ ಮೇಲೆ ಹನಿ ಬಿದ್ದ ಸದ್ದಿಗೆ ಅದಕ್ಕೆ ಮೈಯೆಲ್ಲ ಖುಷಿ. ಅವ್ವನ ಕೈ ಮೊರದಲ್ಲೇ ನಿಂತಿತು. "ಅಯ್ಯ, ಅದಕ್ಕ ಛತ್ರಿ ಗೊತ್ತೇ ಇಲ್ಲಲ್ಲೋ" ಅಂದಳು.

ಅಪ್ಪ ಆಚೆ ಕುರ್ಚಿಯಲ್ಲಿ ಪೇಪರ್ ಹಿಡಿದಿದ್ದರು. ದಾಲ್ ಮಿಲ್ಲಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಒಂದು ಸೆಕೆಂಡಿಗೆ 24 ಚೌಕಟ್ಟು ಓಡಬೇಕು, ಇದನ್ನೆಲ್ಲ ಕೈಯಲ್ಲಿ ಬರೆದಿದ್ದು ಅಂದೆ. ಪೇಪರ್ ಕೆಳಗಿಳಿಯಿತು. "ಎಷ್ಟ್ ನಿಮಿಷದ್ದು?" 86 ಅಂದೆ. ಬಾಯಲ್ಲೇ ಗುಣಿಸಿ, "ಒಂದು ಲಕ್ಷ ಇಪ್ಪತ್ಮೂರು ಸಾವಿರ ದಾಟ್ತಲ್ಲೋ!" ಅಂದರು. ಎಲ್ಲ ಚೌಕಟ್ಟಿಗೂ ಹೊಸ ಚಿತ್ರ ಬರೆಯುವುದಿಲ್ಲ, ಒಂದನ್ನೇ ಎರಡು ಮೂರು ಚೌಕಟ್ಟಿಗೆ ಓಡಿಸುತ್ತಾರೆ ಅಂತ ಹೇಳಿದೆ. "ಆದ್ರೂ ಬಾಳ ಆತು" ಅಂತ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಅವರಿಗೂ ನೆಪ ಸಿಕ್ಕಿತ್ತು, ದುಡಿಮೆಯ ನೆಪ. ಅವ್ವಗೆ ಮಾತ್ರ ಯಾವುದೂ ಬೇಕಾಗಲಿಲ್ಲ.

ಆ ಸಿನಿಮಾದ ಮನೆಯನ್ನು ನಗೋಯಾ ಹತ್ತಿರ ನಿಜವಾಗಿ ಕಟ್ಟಿದ್ದಾರೆ. 2005ರ ಐಚಿ ವಸ್ತುಪ್ರದರ್ಶನಕ್ಕೆಂದು ಕಟ್ಟಿದ್ದು. ಈಗ ಅದು 2022ರಲ್ಲಿ ಶುರುವಾದ ಘಿಬ್ಲಿ ಪಾರ್ಕಿನಲ್ಲಿದೆ. ಘಿಬ್ಲಿ ಅಂದರೆ ಆ ಸಿನಿಮಾ ಮಾಡಿದ ಸ್ಟುಡಿಯೊ. ವಾಪಸ್ ಹೋದ ಮೇಲೆ ಒಂದು ಭಾನುವಾರ ಹೋದೆ, ಒಬ್ಬನೇ. ಹುಡುಗರಿಲ್ಲದೆ ಬಂದ ದೊಡ್ಡವರೇ ಜಾಸ್ತಿ ಇದ್ದರು. ಹೊರಗೆ ನಿಂತು ವಿಡಿಯೊ ಕಾಲ್ ಮಾಡಿ ಅವ್ವಗೆ ಮನೆ ತೋರಿಸಿದೆ. ಕಣ್ಣು ಸಣ್ಣ ಮಾಡಿ ಬಹಳ ಹೊತ್ತು ನೋಡಿದಳು.

"ಆ ಹುಡುಗ್ಯಾರು ಮನ್ಯಾಗ ಇಲ್ಲೇನೋ?"

"ಸಾಲಿಗೆ ಹೋಗ್ಯಾರವ್ವ" ಅಂದೆ.

"ಇವತ್ತು ಐತಾರ ಅಲ್ಲೇನೋ?" ಅಂದಳು.