ತೊಗರಿ ಹೊಲದಲ್ಲಿ ಹುಲ್ಲಿನ ಪಟ್ಟಿ ಬಿಟ್ಟರೆ ಗಿಟ್ಟುತ್ತದೆಯೇ?

ಪರ

ತೊಗರಿ ಮೊದಲ ಎರಡು ತಿಂಗಳು ಬಲು ನಿಧಾನ. ಸಾಲಿನ ನಡುವೆ ಮೂರು ಅಡಿ ಬೋಳು ನೆಲ. ಕಲಬುರಗಿಯಲ್ಲಿ ಜೋರು ಮಳೆ ಬೀಳುವುದೂ ಅದೇ ಹೊತ್ತಿಗೆ. ಎರೆಮಣ್ಣು ನೆನೆದು ಉಬ್ಬಿ ಬಿರುಕು ಮುಚ್ಚಿಕೊಂಡಿತೆಂದರೆ ನೀರು ಇಂಗುವುದಿಲ್ಲ, ಮಣ್ಣು ಹೊತ್ತುಕೊಂಡು ಹಳ್ಳಕ್ಕೆ ಓಡುತ್ತದೆ. ಎಕರೆಯ ಮೇಲೆ ಒಂದು ಮಿಲಿಮೀಟರ್ ಪದರ ಹೋದರೆ ಸುಮಾರು ಐದು ಟನ್ ಮಣ್ಣು ಹೋದಂತೆ. ಕಣ್ಣಿಗೆ ಮಾತ್ರ ಏನೂ ಕಾಣುವುದಿಲ್ಲ. ಅಡ್ಡಕ್ಕೆ ಹುಲ್ಲಿನ ಪಟ್ಟಿ ಇದ್ದರೆ ಓಡುವ ನೀರು ನಿಧಾನವಾಗುತ್ತದೆ, ಮಣ್ಣು ಅಲ್ಲೇ ತಡೆಯುತ್ತದೆ.

ಇನ್ನು ಖರ್ಚು ನೋಡೋಣ. ಚೌಕಾಕಾರದ ಒಂದು ಎಕರೆಯಲ್ಲಿ, ಇಳಿಜಾರಿಗೆ ಅಡ್ಡವಾಗಿ ಮೂರು ಅಡಿ ಅಗಲದ ಎರಡು ಪಟ್ಟಿ ಬಿಡಿ. ಹೋಗುವುದು ಒಂದು ಗುಂಟೆಗಿಂತ ಸ್ವಲ್ಪ ಜಾಸ್ತಿ ಜಾಗ. ಎಕರೆಗೆ ನಾಲ್ಕು ಕ್ವಿಂಟಾಲ್ ಇಳುವರಿ, 2025-26ರ ಬೆಂಬಲ ಬೆಲೆ 8,000 ರೂಪಾಯಿ ಎಂದು ಹಿಡಿದರೆ ನಷ್ಟ ಸಾವಿರ ರೂಪಾಯಿಯೊಳಗೆ. ಅಂಜನ ಹುಲ್ಲು ಹಾಕಿದರೆ ಮೇವಿನಲ್ಲೇ ಒಂದಿಷ್ಟು ವಾಪಸ್ ಬರುತ್ತದೆ. ಲಾವಂಚವಾದರೆ ಬೇರು ಮೂರು ಮೀಟರ್‌ವರೆಗೂ ಇಳಿಯುತ್ತದೆ, ಬಲಿತ ಎಲೆಗೆ ದನ ಅಷ್ಟಾಗಿ ಬಾಯಿ ಹಾಕುವುದಿಲ್ಲ.

ಬೀದರ್‌ಗೆ ದೂರವಲ್ಲದ ಪಟಾನ್‌ಚೆರುವಿನಲ್ಲಿ ಒಣಬೇಸಾಯದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ 1976ರಿಂದ ಎರೆಹೊಲದಲ್ಲೇ ಪ್ರಯೋಗ ನಡೆಸಿದೆ. ಹಳೆಯ ಪದ್ಧತಿಯಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಆರು ಟನ್ನಿಗೂ ಜಾಸ್ತಿ ಮಣ್ಣು ಹೋಯಿತು. ಅಗಲ ಮಡಿ ಮಾಡಿ, ನೀರು ಹರಿಯುವ ದಾರಿಯಲ್ಲಿ ಹುಲ್ಲು ಬೆಳೆಸಿದಲ್ಲಿ ಅದು ಒಂದೂವರೆ ಟನ್ನಿಗೆ ಇಳಿಯಿತು. ಬೀದರ್ ಕಡೆಯ ತೆಳು ಕೆಂಪು ಮಣ್ಣಿಗಂತೂ ಈ ವ್ಯತ್ಯಾಸ ಬಹಳ ದೊಡ್ಡದು. ಅಲ್ಲಿ ಕೆಳಗೆ ಇರುವುದೇ ಕಲ್ಲು.

ವಿರೋಧ

ಪಟಾನ್‌ಚೆರುವಿನ ಲೆಕ್ಕ ಸುಳ್ಳಲ್ಲ. ಆದರೆ ಅಲ್ಲಿ ಬದಲಾದದ್ದು ಹುಲ್ಲೊಂದೇ ಅಲ್ಲ. ಮಡಿ, ಬೆಳೆ, ಗೊಬ್ಬರ ಎಲ್ಲವೂ ಬದಲಾಗಿದ್ದವು. ಹಳೆಯ ಪದ್ಧತಿಯ ಹೊಲವನ್ನಂತೂ ಮಳೆಗಾಲದಲ್ಲಿ ಬಿತ್ತದೆ ಖಾಲಿ ಬಿಟ್ಟಿದ್ದರು. ಅದನ್ನು ತಂದು ತೊಗರಿ ಹೊಲದ ಮುಂದೆ ನಿಲ್ಲಿಸಿದರೆ ಹೇಗೆ?

ನೆಲ ಮುಚ್ಚಬೇಕು ಅಷ್ಟೇ ಅಲ್ವಾ? ತೊಗರಿ ಸಾಲಿನ ನಡುವೆ ಹೆಸರು, ಉದ್ದು ಹಾಕುವುದು ನಮ್ಮವರಿಗೆ ಹೊಸದಲ್ಲ. ಬೋಳು ನೆಲ ಹಸಿರಾಗುತ್ತದೆ, ಎರಡೂವರೆ ತಿಂಗಳೊಳಗೆ ಹೆಸರು ಕೈಗೆ ಬರುತ್ತದೆ. ಆ ದುಡ್ಡಿನಲ್ಲಿ ತೊಗರಿಯ ಔಷಧಿ ಖರ್ಚಾದರೂ ಕಳೆಯುತ್ತದೆ. ಹುಲ್ಲಿನ ಪಟ್ಟಿ ಮೊದಲ ವರ್ಷ ಏನು ಕೊಡುತ್ತದೆ?

ಕಾಯುವವರು ಯಾರು ಎಂಬುದು ಇನ್ನೊಂದು ತಲೆನೋವು. ತೊಗರಿ ರಾಶಿ ಮುಗಿದ ಮೇಲೆ ಊರ ದನ, ಕುರಿ ಎಲ್ಲ ಹೊಲಕ್ಕೇ ಬರುತ್ತವೆ. ಎಳೆ ಹುಲ್ಲು ಬೇಸಿಗೆ ದಾಟುವುದು ಕಷ್ಟ. ಬೇಲಿ ಹಾಕಿದರೆ ಸಾವಿರ ರೂಪಾಯಿಯ ಲೆಕ್ಕ ಅಲ್ಲಿಗೇ ಮುಗಿಯಿತು. ಬದುವಿನಿಂದ ಕರಿಕೆ ಹೊಲದೊಳಗೆ ನುಗ್ಗಿದರೆ ಕಳೆ ತೆಗೆಯುವ ಕೂಲಿ ಬೇರೆ. ಟ್ರ್ಯಾಕ್ಟರ್‌ನವನು ಪಟ್ಟಿ ಉಳಿಸಿಕೊಂಡು ಹೊಡೆಯುತ್ತಾನೆ ಎಂದು ಸುಮ್ನೆ ನಂಬಬೇಡಿ.

ಪಾಲಿಗೆ ಮಾಡುವವರ ಮಾತು ಹೇಳಲೇಬೇಕು. ಹೊಲ ಮುಂದಿನ ವರ್ಷ ಯಾರ ಕೈಯಲ್ಲೋ ಗೊತ್ತಿಲ್ಲ. ಹತ್ತು ವರ್ಷದಾಚೆ ಫಲ ಕೊಡುವ ಮಣ್ಣಿಗೆ ಅವರು ಈ ವರ್ಷದ ಕಾಳು ಏಕೆ ಬಿಡಬೇಕು? ಹುಲ್ಲಿನಿಂದ ಬೀದರ್‌ನ ಕಾರಂಜಾ ಜಲಾಶಯಕ್ಕೆ ಹೂಳು ಕಡಿಮೆ ಹೋದರೆ ಲಾಭ ಕೆಳಗಿನ ಊರುಗಳಿಗೆ, ಖರ್ಚು ಮೇಲಿನ ಹೊಲದವನಿಗೆ. ಬದು ಹಾಕಲು ಉದ್ಯೋಗ ಖಾತ್ರಿಯಲ್ಲಿ ಕೂಲಿ ಕೊಟ್ಟದ್ದುಂಟು. ಹಾಗೆಯೇ ಬಿಟ್ಟುಕೊಟ್ಟ ಗುಂಟೆಗೂ ವರ್ಷ ವರ್ಷ ಬಾಡಿಗೆ ಕೊಡಿ, ಆಮೇಲೆ ಹುಲ್ಲಿನ ಮಾತಾಡೋಣ.