ಕುಕ್ಕರ್ ವೆಯ್ಟ್ ಎಂಬ ಗ್ರಹ

ಇವತ್ತು ಬೆಳಗ್ಗೆ 7-40ಕ್ಕೆ ಬೇಳೆ ತೊಳೆದು, ಚಿಟಿಕೆ ಅರಿಶಿನ, ಒಂದು ಚಮಚ ಎಣ್ಣೆ ಹಾಕಿ, ಕುಕ್ಕರ್ ಮುಚ್ಚಿ ಒಲೆ ಹಚ್ಚಿದೆ. ಸ್ವಲ್ಪ ಹೊತ್ತಿಗೆ ಆವಿ ಬುಸ್ ಎಂದಿತು. ವೆಯ್ಟ್ ಇಡೋಣ ಅಂತ ಉಪ್ಪಿನ ಡಬ್ಬಿ ಪಕ್ಕಕ್ಕೆ ಕೈ ಚಾಚಿದರೆ ವೆಯ್ಟ್ ಇಲ್ಲ.

ಸಿಂಕಿನಲ್ಲಿ ಹುಡುಕಿದೆ. ಮುಸುರೆ ಪಾತ್ರೆಗಳ ಕೆಳಗೆ ತಡಕಿದೆ. ನಿನ್ನೆಯ ಹುಳಿಯ ಪಾತ್ರೆಯೊಳಗೂ ಕೈ ಹಾಕಿದೆ. ಹಿಂದೊಮ್ಮೆ ಅಲ್ಲೇ ಸಿಕ್ಕಿತ್ತು, ಹೇಗೆ ಅಂತ ಕೇಳಬೇಡಿ. ಒಂಬತ್ತಕ್ಕೆ ನನ್ನ ಬಸ್ಸು. ಡಬ್ಬಿ ಕಟ್ಟಬೇಕು, ಸ್ನಾನ ಆಗಬೇಕು. ಬೆಳಗ್ಗೆ ಆ ಹೊತ್ತಿನಲ್ಲಿ ಐದು ನಿಮಿಷ ಅಂದರೆ ಏನು ಅಂತ ಡಬ್ಬಿ ಕಟ್ಟುವವರಿಗೆಲ್ಲ ಗೊತ್ತು.

ಹಾಲಿಗೆ ಬಂದರೆ ನಮ್ಮವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಮುಂದೆ ನನ್ನ ಹಳೇ ಕಾಟನ್ ಸೀರೆಯ ತುಂಡು. ಅದರ ಮೇಲೆ ಗುಂಡಿ, ಪಿನ್ನು, ಬಳೆ ಚೂರು, ಬೀಗದ ಕೈ, ನಾಣ್ಯ ಎಲ್ಲ ಚೆಲ್ಲಾಪಿಲ್ಲಿ. ನಟ್ಟನಡುವೆ ತಲೆಯೆತ್ತಿ ನಿಂತಿದೆ, ನನ್ನ ಕುಕ್ಕರ್ ವೆಯ್ಟ್.

ಬಗ್ಗಿ ಕೈ ಹಾಕಿದೆ.

"ಮುಟ್ಟಬೇಡ ಕಣೇ! ಓದ್ತಾ ಇದೀನಿ."

"ಏನ್ರೀ ಓದ್ತಾ ಇದೀರಿ?"

"ಒತ್ತಡ ಮನೆಯ ಮಧ್ಯಕ್ಕೆ ಬಂದು ನಿಂತಿದೆ. ಇಷ್ಟು ನೆಟ್ಟಗೆ ಯಾವತ್ತೂ ನಿಂತಿರಲಿಲ್ಲ."

ಒತ್ತಡ ಮನೆಯ ಮಧ್ಯಕ್ಕೆ ಬಂದು ನಿಂತಿದ್ದು ನಿಜವೇ. ಸೌಟು ಹಿಡಿದು ನಿಂತಿತ್ತು. ಅದನ್ನು ತಿಳಿಯಲು ಬಟ್ಟೆ ಹಾಸಬೇಕಿರಲಿಲ್ಲ, ತಲೆ ಎತ್ತಿ ನೋಡಿದ್ದರೆ ಸಾಕಿತ್ತು.

ನಮ್ಮವರು ಬ್ಯಾಂಕಿನಲ್ಲಿ 34 ವರ್ಷ ಇದ್ದವರು. ಅದರಲ್ಲಿ ಕೊನೆಯ 11 ವರ್ಷ ಆಡಿಟ್. ರಿಟೈರ್ ಆದ ಮೊದಲ ತಿಂಗಳು ನಿದ್ದೆ ಮಾಡಿದರು. ಎರಡನೇ ತಿಂಗಳು ನನ್ನ ಸಕ್ಕರೆ ಡಬ್ಬಿ, ಬೇಳೆ ಡಬ್ಬಿಗಳನ್ನು ತೂಗಿ, ಅಂಗಡಿ ಚೀಟಿಗೆ ತಾಳೆ ನೋಡಿ, ರವೆಯಲ್ಲಿ 200 ಗ್ರಾಂ ವ್ಯತ್ಯಾಸ ಇದೆ ಅಂತ ವರದಿ ಕೊಟ್ಟರು. (ಉಪ್ಪಿಟ್ಟು ತಿಂದವರು ಯಾರು ಅಂತ ವರದಿಯಲ್ಲಿ ಇರಲಿಲ್ಲ.) ಮೂರನೇ ತಿಂಗಳು ಫೋನಿನಲ್ಲಿ ಒಂದು ವಿಡಿಯೋ ಸಿಕ್ಕಿತು.

ದಕ್ಷಿಣ ಆಫ್ರಿಕಾದಲ್ಲಿ ಸಂಗೋಮಾ ಅನ್ನುವವರಿದ್ದಾರಂತೆ. ಮದ್ದೂ ಕೊಡುತ್ತಾರೆ, ಕಣಿಯೂ ಹೇಳುತ್ತಾರೆ. ಒಂದು ಚೀಲದಲ್ಲಿ ಪ್ರಾಣಿಗಳ ಮೂಳೆ, ಚಿಪ್ಪು, ಅದರ ಜೊತೆಗೆ ನಾಣ್ಯ, ದಾಳ, ಡಾಮಿನೋ ಬಿಲ್ಲೆ ಎಲ್ಲ ಇಟ್ಟುಕೊಂಡಿರುತ್ತಾರೆ. ಚಾಪೆ ಮೇಲೆ ಎಸೆಯುತ್ತಾರೆ. ಯಾವುದು ಎಲ್ಲಿ ಬಿತ್ತು, ಮಗುಚಿ ಬಿತ್ತೋ ಅಂಗಾತ ಬಿತ್ತೋ, ಯಾವುದರ ಪಕ್ಕ ಯಾವುದು ಅಂತ ನೋಡಿ ಹೇಳುತ್ತಾರೆ. ಇದನ್ನು ಕಲಿಯೋಕೆ ಗುರುವಿನ ಹತ್ತಿರ ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಇರುತ್ತಾರೆ. ನಮ್ಮವರ ಗುರುಕುಲ 22 ನಿಮಿಷ. ನಡುವೆ ಜಾಹೀರಾತು ಬಂದಾಗ ಬಚ್ಚಲಿಗೆ ಹೋಗಿಬಂದರು.

ಮಾರನೇ ದಿನ ಇನ್ನೊಂದು ವಿಡಿಯೋ. ಅಂಗೋಲಾ, ಜಾಂಬಿಯಾ ಕಡೆ ಬುಟ್ಟಿಯಲ್ಲಿ ಸಣ್ಣಸಣ್ಣ ಗೊಂಬೆ, ಬೀಜ, ಉಗುರು ಹಾಕಿ ನಾವು ಮೊರದಲ್ಲಿ ಕೇರುತ್ತೇವಲ್ಲ, ಹಾಗೆ ಕುಲುಕುತ್ತಾರಂತೆ. ಮೇಲಕ್ಕೆ ಬಂದದ್ದನ್ನು ಓದುವುದು. ಸಂಜೆ ಬಂದು ನೋಡಿದರೆ ನನ್ನ ಮೊರ ಹಾಲಿನಲ್ಲಿತ್ತು. ಅಕ್ಕಿ ಕೇರಿ ಅಭ್ಯಾಸ ಇಲ್ಲದವರು ಭವಿಷ್ಯ ಕೇರಿದರೆ ಏನಾಗುತ್ತೋ ಅದೇ ಆಗಿತ್ತು. ಒಂದು ಸೇಫ್ಟಿ ಪಿನ್ನು ಸೋಫಾದಲ್ಲಿ, ಇನ್ನೊಂದು ನನ್ನ ಪಾದದಲ್ಲಿ.

ವಾಕಿಂಗಿಗೆ ಜೊತೆಗೆ ಬರುವ ಉಡುಪಿ ಕಡೆಯ ಹಿರಿಯರೊಬ್ಬರು, "ಅಷ್ಟು ದೂರ ಯಾಕೆ ಮಾರಾಯ್ರೇ, ನಮ್ಮಲ್ಲೇ ಅಷ್ಟಮಂಗಲ ಪ್ರಶ್ನೆ ಉಂಟಲ್ಲ" ಅಂದರಂತೆ. 108 ಕವಡೆ. ಮಂತ್ರ ಹೇಳಿ ಮೂರು ಪಾಲು ಮಾಡುವುದು. ಪ್ರತಿ ಪಾಲಿನಿಂದ ಎಂಟೆಂಟು ತೆಗೆಯುತ್ತ ಹೋಗಿ, ಕೊನೆಗೆ ಉಳಿದದ್ದನ್ನು ನೋಡಿ ಹೇಳುವುದು. ಉಳಿಕೆ ಅಂದ ಕೂಡಲೇ ಇವರ ಕಣ್ಣು ಅರಳಿತು. ಬ್ಯಾಲೆನ್ಸ್ ಅಲ್ವಾ! ಮನೆಯೆಲ್ಲ ಹುಡುಕಿದರು. ಮೂರು ಕವಡೆ ಸಿಕ್ಕಿತು, 105 ಕಡಿಮೆ ಬಿತ್ತು. ಅಂಗಡಿಯಲ್ಲಿ ರೇಟು ಕೇಳಿಬಂದವರು ಮತ್ತೆ ಆಫ್ರಿಕಾಕ್ಕೇ ಮರಳಿದರು.

ನಾನು ನಂಬಿಕೆಯ ತಂಟೆಗೆ ಹೋಗುತ್ತಿಲ್ಲ. ಹಲ್ಲಿ ಬಿದ್ದರೆ ನಾನೂ ಕ್ಯಾಲೆಂಡರಿನ ಹಿಂಬದಿ ನೋಡುವವಳೇ. ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಒಂದೇ ಒಂದು ಸಾಲು ಕಾರ್ಣಿಕ ನುಡಿದರೆ ರೈತರು ಅದು ಮಳೆ ಅನ್ನುತ್ತಾರೆ, ರಾಜಕೀಯದವರು ಕುರ್ಚಿ ಅನ್ನುತ್ತಾರೆ. ಅನ್ನಲಿ. ನನ್ನ ತಕರಾರು ಇರೋದು ಸಾಮಾನಿನ ಬಗ್ಗೆ. ಕಣಿ ಹೇಳುವ ಸಾಮಾನನ್ನು ಕೊಳ್ಳಬಾರದು, ಅದು ತಾನಾಗಿ ಸಿಗಬೇಕು ಅಂತ ಯಾವುದೋ ವಿಡಿಯೋದಲ್ಲಿ ಹೇಳಿದ್ದಾರೆ. ನಮ್ಮವರಿಗೆ ತಾನಾಗಿ ಸಿಕ್ಕಿದ್ದೆಲ್ಲ ನನ್ನ ಡ್ರಾಯರಿನಲ್ಲಿ.

ಒಂದೊಂದಕ್ಕೂ ಒಂದು ಅರ್ಥ ಕೊಟ್ಟು ಉದ್ದದ ರಿಜಿಸ್ಟರಿನಲ್ಲಿ ಬರೆದಿದ್ದಾರೆ. ಬೀಗದ ಕೈ: ಅವಕಾಶ. ಅದು 2011ರಲ್ಲಿ ಗುಜರಿಗೆ ಹಾಕಿದ ಬೀರುವಿನ ಕೈ. ಬೀರುವೇ ಇಲ್ಲ, ಎಲ್ಲಿಯ ಅವಕಾಶ? ಬಳೆ ಚೂರು: ಮುರಿದ ಮಾತು. ಕಾವಲಿ ತಿಕ್ಕುವಾಗ ಒಡೆದದ್ದು, ಯಾರೂ ಯಾರಿಗೂ ಮಾತು ಕೊಟ್ಟಿರಲಿಲ್ಲ. ಸೇಫ್ಟಿ ಪಿನ್ನು: ರಕ್ಷಣೆ. ಇದನ್ನು ಒಪ್ಪುತ್ತೇನೆ. ಘೇಂಡಾಮೃಗದ ಚಿತ್ರ ಇರುವ 25 ಪೈಸೆ: ಧನಲಾಭ.

"ರೀ, ನಾಲ್ಕಾಣೆ ಚಲಾವಣೆಯೇ ಇಲ್ಲವಲ್ಲ. 2011ರ ಜೂನ್ 30ಕ್ಕೇ ನಿಂತುಹೋಯ್ತು. ಬ್ಯಾಂಕಿನಲ್ಲಿದ್ದ ನೀವೇ ಹೀಗೆ ಬರೆದರೆ?"

"ಚಲಾವಣೆ ನಿಂತದ್ದು ಬ್ಯಾಂಕಿನಲ್ಲಿ. ಭವಿಷ್ಯದಲ್ಲಿ ಅಲ್ಲ."

ಇದಕ್ಕೆ ಏನು ಹೇಳುತ್ತೀರಿ.

ಮೊದಲ ತಿಂಗಳು ಸ್ಯಾಂಪಲ್ ಚೆಕಿಂಗ್ ನಡೆಯಿತು. ದೊಡ್ಡ ಪ್ರಶ್ನೆ ಕೇಳುವ ಮೊದಲು ಸಣ್ಣದರಲ್ಲಿ ಪರೀಕ್ಷೆ ಮಾಡಬೇಕಂತೆ. ಹಾಲು ತಡವಾಗುತ್ತಾ? ಕರೆಂಟ್ ಹೋಗುತ್ತಾ? ಎದುರುಮನೆಯವರು ಪೇಪರ್ ಕೇಳಿಕೊಂಡು ಬರುತ್ತಾರಾ? ತಿಂಗಳ ಕೊನೆಗೆ ಲೆಕ್ಕ ತೆಗೆದರು. 41 ಪ್ರಶ್ನೆ, 19 ಸರಿ, 17 ತಪ್ಪು. ಉಳಿದ ಐದು ಸರಿಯೋ ತಪ್ಪೋ ತೀರ್ಮಾನ ಆಗದ್ದಕ್ಕೆ ಸಸ್ಪೆನ್ಸ್ ಅಕೌಂಟಿಗೆ ಹಾಕಿದ್ದಾರೆ.

ಇಷ್ಟಕ್ಕೇ ನಿಂತಿದ್ದರೆ ಸುಮ್ಮನಿರುತ್ತಿದ್ದೆ. ವೆಯ್ಟಿನ ಮೇಲೆ ಕಣ್ಣು ಬಿತ್ತು ನೋಡಿ. ತೂಕ ಇದೆ, ನೆಟ್ಟಗೂ ನಿಲ್ಲುತ್ತದೆ, ಉರುಳಿಯೂ ಬೀಳುತ್ತದೆ, ಕಿಟ್ಟಿನಲ್ಲಿ ಇಷ್ಟು ಸ್ಪಷ್ಟವಾಗಿ ಮಾತಾಡುವ ವಸ್ತು ಬೇರೆ ಇಲ್ಲವಂತೆ. ದೇವರಾಜ ಮಾರ್ಕೆಟ್ ಕಡೆ ಹೋಗಿ ಹೊಸ ವೆಯ್ಟ್ ತಂದುಕೊಟ್ಟೆ. "ಹೊಸದಕ್ಕೆ ಅನುಭವ ಸಾಲದು" ಅಂದರು. ಸರಿ, ಅದನ್ನು ನಾನೇ ಇಟ್ಟುಕೊಳ್ಳೋಣ ಅಂದರೆ ನಮ್ಮ ಹಳೇ ಕುಕ್ಕರಿಗೆ ಅದು ಸರಿಯಾಗಿ ಕೂರುವುದಿಲ್ಲ. ಕೂಗುವುದಿಲ್ಲ, ಬರೀ ಬಿಕ್ಕುತ್ತದೆ.

ಕೊನೆಗೆ ಒಪ್ಪಂದ ಆಯಿತು. ರಾತ್ರಿಯಿಂದ ನಾನು ಆಫೀಸಿಗೆ ಹೊರಡುವವರೆಗೆ ವೆಯ್ಟ್ ಅಡುಗೆಮನೆಯ ವಶ, ಹಗಲು ಅವರ ವಶ. ಬಾಯಿಮಾತಿನ ಒಪ್ಪಂದ ನಮ್ಮವರಿಗೆ ಆಗಿಬರುವುದಿಲ್ಲ. ರಿಜಿಸ್ಟರಿನ ಹಿಂದಿನ ಪುಟದಲ್ಲಿ ಸ್ಕೇಲಿಟ್ಟು ಕಾಲಂ ಎಳೆದರು. ದಿನಾಂಕ, ಪಡೆದವರು, ಉದ್ದೇಶ, ಹೋದ ಸಮಯ, ಬಂದ ಸಮಯ, ಸಹಿ. ಮೂವತ್ತು ವರ್ಷದಿಂದ ಆ ಕುಕ್ಕರಿನಲ್ಲಿ ಬೇಯಿಸಿ ಹಾಕುತ್ತಿರುವವಳು ನಾನು, ನನ್ನ ವೆಯ್ಟಿಗೆ ನಾನೇ ಸಹಿ ಹಾಕಬೇಕು! ಮೊದಲ ವಾರ ಉದ್ದೇಶದ ಕಾಲಮ್ಮಿನಲ್ಲಿ 'ಬೇಳೆ' ಅಂತ ಬರೆದೆ. ಎರಡನೇ ವಾರ 'ಹೊಟ್ಟೆಪಾಡು' ಅಂತ ಬರೆದೆ. ಕೆಂಪು ಇಂಕಿನಲ್ಲಿ 'ವಿವರ ಸಾಲದು' ಅಂತ ಷರಾ ಬಿತ್ತು. ಒಂದು ದಿನ ಅವಸರದಲ್ಲಿ ಬಿಸಿಬಿಸಿ ವೆಯ್ಟನ್ನೇ ಬಟ್ಟೆ ಮೇಲಿಟ್ಟು ಓಡಿದೆ. ಬಟ್ಟೆಗೆ ಬರೆ ಬಿತ್ತು. ಸಂಜೆ ಬಂದಾಗ ಷರಾ ರೆಡಿ: 'ಆಸ್ತಿಗೆ ಹಾನಿ.' ಆ ಬಟ್ಟೆ ನನ್ನ ಸೀರೆ ಅನ್ನುವುದು ಯಾವ ಕಾಲಮ್ಮಿನಲ್ಲೂ ಇಲ್ಲ.

ಕಳೆದ ವಾರ ಮನೆಕೆಲಸಕ್ಕೆ ಬರುವಾಕೆ ಪೊರಕೆ ಹಿಡಿದು ಬಂದು, "ಸಾರ್, ನಂಗೂ ಒಸಿ ನೋಡಿ" ಅಂದಳು. ಇವರಿಗೆ ಮೊದಲ ಗಿರಾಕಿ. ಭಕ್ತಿಯಿಂದ ಎಸೆದರು. ನಾಲ್ಕಾಣೆ ಸೀದಾ ಅವಳ ಕಾಲ ಹತ್ತಿರ ಉರುಳಿತು. "ಧನಲಾಭ! ಇವತ್ತೇ, ಈ ಮನೆಯಿಂದಲೇ!" ಅಂದುಬಿಟ್ಟರು.

ನಾನು ಬಸ್ಸಿಳಿದು ಗೇಟು ತೆಗೆಯುವುದಕ್ಕೂ ಅವಳು ಎದುರಿಗೆ ಬರುವುದಕ್ಕೂ ಸರಿಹೋಯಿತು. "ಅಕ್ಕಾ, ಇವತ್ತೇ ದುಡ್ಡು ಬತ್ತದೆ, ಇಲ್ಲಿಂದ್ಲೇ ಬತ್ತದೆ ಅಂತ ಸಾರ್ ಹೇಳವ್ರೆ. ಐದು ಸಾವಿರ ಅಡ್ವಾನ್ಸ್ ಕೊಡಿ." ನಾನು ಇವರ ಮುಖ ನೋಡಿದೆ. ಇವರು ಫ್ಯಾನು ನೋಡಿದರು. ಕೊಡದೆ ಇದ್ದರೆ ಯಜಮಾನರ ಮಾತು ಸುಳ್ಳಾಗುತ್ತದೆ, ಅವಳು ಬೇರೆ ಮನೆ ನೋಡಿಕೊಳ್ಳುತ್ತಾಳೆ. ಕೊಟ್ಟೆ. ರಾತ್ರಿ ರಿಜಿಸ್ಟರ್ ನೋಡಿದರೆ ಆ ಪ್ರಶ್ನೆಯ ಮುಂದೆ ಖುಷಿಯಿಂದ ರೈಟು ಹಾಕಿದ್ದಾರೆ. 'ಸಂಪೂರ್ಣ ನಿಜವಾಯಿತು.' ದುಡ್ಡು ಯಾರ ಪರ್ಸಿನಿಂದ ಹೋಯಿತು ಅಂತ ಆಡಿಟರ್ ಕೇಳಲಿಲ್ಲ.

ಅವತ್ತಿನಿಂದ ನಾನೂ ಓದುವುದನ್ನು ಕಲಿಯತೊಡಗಿದೆ. ಕಳ್ಳ ಮಾಲು ಯಾವುದು ಅಂತ ತಿಳಿಯಬೇಕಲ್ಲ. ಬಟ್ಟೆ ಮುಂದೆ ಕೂತರೆ ನನಗೆ ಇವರಿಗಿಂತ ಜಾಸ್ತಿ ಕಾಣುತ್ತದೆ. ಆದರೆ ಎಲ್ಲ ಹಿಂದಿನದ್ದು. ನೀಲಿ ಗುಂಡಿ ಮಗನ ಸ್ಕೂಲ್ ಯೂನಿಫಾರ್ಮಿನದು. ಮೂರನೇ ಕ್ಲಾಸಿನಲ್ಲಿ ಜಗಳ ಆಡಿ ಕಿತ್ತುಕೊಂಡು, ಅಂಗೈಯಲ್ಲಿಟ್ಟುಕೊಂಡು ಬಂದಿದ್ದ. ಹೊಲಿಯುತ್ತೇನೆ ಅಂತ ಡ್ರಾಯರಿಗೆ ಹಾಕಿದ್ದೆ. ಈಗ ಅವನು ಪುಣೆಯಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ಓಡಾಡುತ್ತಾನೆ. ರಿಜಿಸ್ಟರಿನಲ್ಲಿ ಅದು 'ಬಾಕಿ ಕೆಲಸ'. ಆಶ್ಚರ್ಯ ಅಂದರೆ ಅದೊಂದು ಸರಿಯಾಗಿದೆ.

ಮೂರು ಕವಡೆಯ ಜೊತೆ ಒಂದು ಹುಣಸೆ ಬೀಜ ಇತ್ತು. ಒಂದು ಮಗ್ಗುಲು ಉಜ್ಜಿ ಬೆಳ್ಳಗೆ ಮಾಡಿದ್ದು. ಅದಕ್ಕೆ ಇವರು ಬರೆದ ಅರ್ಥ, 'ನಂಬಲಾಗದ ವ್ಯಕ್ತಿ'. ಕವಡೆ ವೇಷದಲ್ಲಿದೆಯಂತೆ.

"ರೀ, ಅದು ನಿಮ್ಮಮ್ಮನದು."

ಚೌಕಾಬಾರಾ ಆಡುವಾಗ ನಾಲ್ಕನೇ ಕವಡೆ ಕಳೆದುಹೋಗಿತ್ತು. ಆಟ ನಿಲ್ಲಬಾರದು ಅಂತ ಅತ್ತೆ ಹಿತ್ತಲ ಕಲ್ಲಿಗೆ ಬೀಜ ಉಜ್ಜಿ ಮಾಡಿಕೊಂಡದ್ದು ಅದು. ಮಧ್ಯಾಹ್ನ ಊಟ ಮುಗಿದರೆ ಸೀಮೆಸುಣ್ಣದಲ್ಲಿ ಐದೈದು ಮನೆ ಎಳೆದು ಕೂರುತ್ತಿದ್ದರು. ನಾಲ್ಕೂ ಮಗುಚಿ ಬಿದ್ದರೆ ಎಂಟು, ಗರ. ಅತ್ತೆಗೆ ಗರ ಬಿದ್ದರೆ ಪಕ್ಕದ ಮನೆಯವರಿಗೂ ತಿಳಿಯುತ್ತಿತ್ತು. ಇವರು ಆಗ ಊರೂರು ವರ್ಗಾವಣೆಯಲ್ಲಿದ್ದರು. ಮನೆಯಲ್ಲಿ ಇರುತ್ತಿದ್ದವರು ನಾನು, ಅತ್ತೆ, ಆ ನಾಲ್ಕು ಕವಡೆ. ಅತ್ತೆ ಹೋಗಿ ಆರು ವರ್ಷ ಆಯಿತು.

ಇವರು ಬೀಜವನ್ನು ಅಂಗೈ ಮೇಲೆ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಇದ್ದರು. ಆಮೇಲೆ ರಿಜಿಸ್ಟರ್ ತೆಗೆದು 'ನಂಬಲಾಗದ ವ್ಯಕ್ತಿ' ಅನ್ನುವುದನ್ನು ಹೊಡೆದು ಹಾಕಿ, ಮೇಲೆ 'ಅಮ್ಮ' ಅಂತ ಬರೆದರು. ತಿದ್ದುಪಡಿ ಆದ ಕಡೆ ಇನಿಷಿಯಲ್ ಹಾಕಬೇಕಲ್ಲ, ಅದನ್ನೂ ಹಾಕಿದರು. ಅವತ್ತು ರಾತ್ರಿ ಕರೆಂಟ್ ಹೋಯಿತು (ಹೋಗುವುದಿಲ್ಲ ಅಂತ ಬಂದಿತ್ತು). ಮೇಣದ ಬತ್ತಿ ಬೆಳಕಿನಲ್ಲಿ ಆಡಿದೆವು. ಕಾಯಿಗೆ ಗುಂಡಿ, ಪಿನ್ನು, ನಾಲ್ಕಾಣೆ. ನಾನೇ ಗೆದ್ದೆ. ಎರಡು ಸಲ ಗರ ಬಿತ್ತು, ಎರಡು ಸಲವೂ ಕೂಗಿದೆ.

ಆದರೆ ಇದೆಲ್ಲ ಹೇಳಿ ಇವತ್ತಿನ ಬೇಳೆ ಮರೆಸಲು ಆಗುವುದಿಲ್ಲ. ಬೆಳಗ್ಗೆ ವೆಯ್ಟ್ ಅಡುಗೆಮನೆಯ ವಶದಲ್ಲಿ ಇರಬೇಕಿತ್ತು. ಸಹಿ ಇಲ್ಲ, ಸಮಯ ಇಲ್ಲ, ಆಡಿಟರೇ ಕದ್ದು ಎತ್ತಿಕೊಂಡು ಹೋಗಿದ್ದಾರೆ. ಏನು ಕೇಳಿದ್ರಿ ಅಂದರೆ, ಪ್ರಶ್ನೆ ಹೇಳಿದರೆ ಫಲ ಕೆಡುತ್ತದೆ ಅಂದರು. ವೆಯ್ಟ್ ನನ್ನ ಕೈಗೆ ಬರುವಾಗ 8-05. ಅಷ್ಟರಲ್ಲಿ ಕುಕ್ಕರಿನ ನೀರು ಅರ್ಧ ಆವಿಯಾಗಿ, ಬೇಳೆ ತಳ ಹಿಡಿದಿತ್ತು. ಡಬ್ಬಿಗೆ ಒಣ ಅವಲಕ್ಕಿ ಮೊಸರು ಹಾಕಿಕೊಂಡು ಓಡಿದೆ. ಬಸ್ಸು ಕಣ್ಣೆದುರೇ ಹೋಯಿತು. ಇವರಿಗೂ ಮಧ್ಯಾಹ್ನ ಎರಡೂವರೆಗೆ ಊಟ, ತಾವೇ ಇಟ್ಟುಕೊಂಡ ಅನ್ನ, ಮೇಲೆ ಉಪ್ಪಿನಕಾಯಿ.

ಈಗ ಸಂಜೆ ಬಂದು ಕಾಫಿ ಲೋಟ ಹಿಡಿದು ರಿಜಿಸ್ಟರ್ ತೆಗೆದೆ. ಇವತ್ತಿನ ತಾರೀಕಿನ ಮುಂದೆ ಮುತ್ತಿನಂಥ ಅಕ್ಷರದಲ್ಲಿ ಹೀಗಿದೆ:

ಪ್ರಶ್ನೆ: ಇಂದು ಅಡುಗೆ ಹೊತ್ತಿಗೆ ಸರಿಯಾಗಿ ಆಗುವುದೇ?

ಉತ್ತರ: ಇಲ್ಲ. ತಡ.

ಫಲ: ಸಂಪೂರ್ಣ ನಿಜವಾಯಿತು.

ಪಕ್ಕದಲ್ಲಿ ರೈಟು. ಕೆಂಪು ಇಂಕು. ಇನಿಷಿಯಲ್ ಕೂಡ ಇದೆ.