ಮಿತ್ರಪಕ್ಷದ ಕುರ್ಚಿ ಮತ್ತು ‘ಹೆಚ್ಚುವರಿ ಹೊಣೆ’

ದೆಹಲಿಯಲ್ಲಿ ಸಮ್ಮಿಶ್ರ ಸರ್ಕಾರ ಬಂದಾಗಲೆಲ್ಲ ಟಿವಿಯವರು ಮೊದಲು ತಲೆ ಎಣಿಸುತ್ತಾರೆ. ಯಾವ ರಾಜ್ಯಕ್ಕೆ ಎಷ್ಟು, ಯಾವ ಜಾತಿಗೆ ಎಷ್ಟು, ಯಾರಿಗೆ ಕೊಕ್. ಪ್ರಮಾಣವಚನದ ದಿನ ಗೊತ್ತಾಗುವುದು ಅಷ್ಟೇ, ಹಾಗಾಗಿ ತಪ್ಪು ಹೇಳುವಂತಿಲ್ಲ. 2024ರ ಜೂನ್ 9ರ ಭಾನುವಾರ ಸಂಜೆ ರಾಷ್ಟ್ರಪತಿ ಭವನದ ಅಂಗಳದಲ್ಲಿ ಪ್ರಧಾನಿ ಸೇರಿ 72 ಮಂದಿ ಪ್ರಮಾಣ ಸ್ವೀಕರಿಸಿದರು. ಅಷ್ಟೂ ಜನ ಆ ರಾತ್ರಿ ಸಚಿವರು, ಆದರೆ ಯಾವ ಇಲಾಖೆಯ ಸಚಿವರೆಂದು ಯಾರೂ ಹೇಳಿರಲಿಲ್ಲ. ಖಾತೆಗಳ ಪಟ್ಟಿ ಹೊರಬಿದ್ದದ್ದು ಮರುದಿನ ಸಂಜೆ. ನನ್ನನ್ನು ಕೇಳಿದರೆ ಸಮ್ಮಿಶ್ರ ರಾಜಕೀಯದ ಅಸಲಿ ದಾಖಲೆ ಆ ಎರಡನೇ ಪಟ್ಟಿ. ಸಂವಿಧಾನದ 75ನೇ ವಿಧಿ ಸಚಿವರನ್ನು ನೇಮಿಸುತ್ತದೆ, ಖಾತೆಯ ಸುದ್ದಿ ಎತ್ತುವುದಿಲ್ಲ. ಖಾತೆ ಹಂಚಿಕೆ 77(3)ನೇ ವಿಧಿ ಮತ್ತು 1961ರ ಕಾರ್ಯಹಂಚಿಕೆ ನಿಯಮಗಳ ಕೆಳಗೆ ಬರುತ್ತದೆ. ‘ಪ್ರಧಾನಿಯ ಸಲಹೆಯಂತೆ ರಾಷ್ಟ್ರಪತಿಯವರು’ ಎಂದು ಶುರುವಾಗುವ ಒಂದು ಪ್ರಕಟಣೆ ಬಂದರೆ ಮುಗಿಯಿತು.

ಸಚಿವರಲ್ಲಿ ಮೂರು ಮೆಟ್ಟಿಲು. ಸಂಪುಟ ದರ್ಜೆಯವರು ಸಂಪುಟ ಸಭೆಯಲ್ಲಿ ಕೂರುತ್ತಾರೆ. ಸ್ವತಂತ್ರ ಹೊಣೆಯ ರಾಜ್ಯ ಸಚಿವರಿಗೆ ಇಲಾಖೆಯ ಮೇಲೆ ಬೇರೆ ಸಚಿವರಿರುವುದಿಲ್ಲ, ಆದರೆ ಸಂಪುಟ ಸಭೆಗೆ ಕರೆದಾಗ ಮಾತ್ರ ಹೋಗಬೇಕು. ಬರೀ ರಾಜ್ಯ ಸಚಿವರು ಮೂರನೆಯವರು. ಇವರಿಗೆ ಯಾವ ಕಡತ ಬರಬೇಕು ಎಂಬುದನ್ನು ಆ ಇಲಾಖೆಯ ಸಂಪುಟ ಸಚಿವರು ಹಂಚಿಕೊಡಬೇಕು. ಅವರು ಹಂಚದಿದ್ದರೆ ಕಾರು, ಬಂಗಲೆ, ನಾಮಫಲಕ ಎಲ್ಲ ಇರುತ್ತವೆ, ಮೇಜಿನ ಮೇಲೆ ಕಡತ ಮಾತ್ರ ಇರುವುದಿಲ್ಲ. ‘ನಮಗೆ ಕೆಲಸವೇ ಇಲ್ಲ’ ಎಂಬ ಈ ಮೂರನೇ ಮೆಟ್ಟಿಲಿನವರ ದೂರು ಎಲ್ಲ ಸರ್ಕಾರಗಳಲ್ಲೂ ಕೇಳಿದ್ದೇ. ಆವತ್ತಿನ 72ರಲ್ಲಿ ಪ್ರಧಾನಿ ಬಿಟ್ಟು ಸಂಪುಟ ದರ್ಜೆ 30, ಸ್ವತಂತ್ರ ಹೊಣೆ 5, ರಾಜ್ಯ ಸಚಿವರು 36.

ಈಗ ಲೆಕ್ಕಕ್ಕೆ ಬರೋಣ. ಬಿಜೆಪಿ 240, ಇಡೀ ಎನ್‌ಡಿಎ 293. ಅಂದರೆ ಮಿತ್ರಪಕ್ಷಗಳ ಕೈಲಿ 53 ಲೋಕಸಭಾ ಸದಸ್ಯರು, ಸಿಕ್ಕ ಸಚಿವ ಸ್ಥಾನ 11. ಸುಮಾರು ಐವರಿಗೊಂದು. ಬಿಜೆಪಿಯ ಪಾಲು 61, ಸುಮಾರು ನಾಲ್ವರಿಗೊಂದು (ರಾಜ್ಯಸಭೆಯವರೂ ಇದರಲ್ಲಿದ್ದಾರೆ, ಹಾಗಾಗಿ ಇದು ಅಂದಾಜು ಹೋಲಿಕೆ). ತಲೆಲೆಕ್ಕದಲ್ಲಿ ಅಷ್ಟೇನೂ ಅನ್ಯಾಯ ಕಾಣುವುದಿಲ್ಲ. ಮೆಟ್ಟಿಲು ಹಿಡಿದು ನೋಡಿದರೆ ಕಥೆ ಬೇರೆ. 16 ಸಂಸದರ ತೆಲುಗುದೇಶಂಗೆ ಒಂದು ಸಂಪುಟ ದರ್ಜೆ, ಒಂದು ರಾಜ್ಯ ಸಚಿವ. 12 ಸಂಸದರ ಜೆಡಿಯುಗೂ ಅಷ್ಟೇ. ಒಬ್ಬರೇ ಸಂಸದರಿರುವ ಜೀತನ್ ರಾಮ್ ಮಾಂಝಿ ಅವರ ಪಕ್ಷಕ್ಕೆ ಸಂಪುಟ ದರ್ಜೆ, ಇಬ್ಬರಿರುವ ನಮ್ಮ ಜೆಡಿಎಸ್‌ಗೆ ಸಂಪುಟ ದರ್ಜೆ, ಏಳು ಸಂಸದರ ಶಿಂದೆ ಶಿವಸೇನೆಗೆ ಒಂದೇ ಒಂದು ಸ್ವತಂತ್ರ ಹೊಣೆ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಎಂದು ಅವರ ಸಂಸದರು ಬಹಿರಂಗವಾಗಿಯೇ ಮುನಿಸಿಕೊಂಡರು. ಅಜಿತ್ ಪವಾರ್ ಬಣದ ಎನ್‌ಸಿಪಿಗೆ ಕೊಡಲು ಬಂದದ್ದೂ ಸ್ವತಂತ್ರ ಹೊಣೆಯೇ. ಹಿಂದೆ ಸಂಪುಟ ದರ್ಜೆಯಲ್ಲಿದ್ದ ಪ್ರಫುಲ್ ಪಟೇಲ್ ಒಂದು ಮೆಟ್ಟಿಲು ಇಳಿದು ಕೂರುವುದು ಹೇಗೆ ಎಂದು ಪಕ್ಷ ಬೇಡವೆಂದಿತು.

ಪಟ್ಟಿ ಸಿಕ್ಕ ಕೂಡಲೇ ನಾನು ಮೊದಲು ಹುಡುಕುವುದು ದೊಡ್ಡ ಪಕ್ಷ ಯಾವ ಖಾತೆಗಳನ್ನು ಕೈಬಿಟ್ಟಿಲ್ಲ ಎಂಬುದನ್ನು. ಗೃಹ, ರಕ್ಷಣೆ, ಹಣಕಾಸು, ವಿದೇಶಾಂಗ, ಈ ನಾಲ್ಕರ ಸಚಿವರು ಪ್ರಧಾನಿಯ ಜೊತೆ ಭದ್ರತೆ ಕುರಿತ ಸಂಪುಟ ಸಮಿತಿಯಲ್ಲಿ ಕೂರುತ್ತಾರೆ. 2024ರಲ್ಲಿ ನಾಲ್ಕೂ ಬಿಜೆಪಿಯಲ್ಲೇ ಉಳಿದವು. 1996ರ ದೇವೇಗೌಡರ ಸಂಪುಟವನ್ನು ಇದರ ಪಕ್ಕ ಇಟ್ಟು ನೋಡಿ. ಗೃಹ ಸಿಪಿಐನ ಇಂದ್ರಜಿತ್ ಗುಪ್ತರಿಗೆ, ರಕ್ಷಣೆ ಸಮಾಜವಾದಿ ಪಕ್ಷದ ಮುಲಾಯಂ ಸಿಂಗ್ ಅವರಿಗೆ, ಹಣಕಾಸು ತಮಿಳ್ ಮಾನಿಲ ಕಾಂಗ್ರೆಸ್‌ನ ಚಿದಂಬರಂ ಅವರಿಗೆ. ಪ್ರಧಾನಿಯ ಸ್ವಂತ ಪಕ್ಷ ಜನತಾದಳ ಗೆದ್ದಿದ್ದು 46 ಸ್ಥಾನ, ಸಾಲದ್ದಕ್ಕೆ ಕಾಂಗ್ರೆಸ್‌ನ ಬಾಹ್ಯ ಬೆಂಬಲ. ‘ಎರಡೂ ಸಮ್ಮಿಶ್ರ ಸರ್ಕಾರವೇ’ ಎಂದು ಒಂದೇ ಗಂಟಿನಲ್ಲಿ ಕಟ್ಟುವವರು 46 ಮತ್ತು 240ರ ನಡುವಿನ ದೂರ ನೋಡಬೇಕು.

ಇನ್ನು ಮಿತ್ರರಿಗೆಂದೇ ಮೀಸಲಿಟ್ಟಂತಿರುವ ಖಾತೆಗಳಿವೆ. ಬೃಹತ್ ಕೈಗಾರಿಕೆ: 2011ರಲ್ಲಿ ಎನ್‌ಸಿಪಿಯ ಪ್ರಫುಲ್ ಪಟೇಲ್, 2014ರಲ್ಲಿ ಶಿವಸೇನೆಯ ಅನಂತ ಗೀತೆ, 2019ರಲ್ಲಿ ಅದೇ ಪಕ್ಷದ ಅರವಿಂದ ಸಾವಂತ್, 2024ರಲ್ಲಿ ಕುಮಾರಸ್ವಾಮಿ. ಆಹಾರ ಸಂಸ್ಕರಣೆ: ಅಕಾಲಿದಳದ ಹರ್‌ಸಿಮ್ರತ್ ಕೌರ್, ಆಮೇಲೆ ಪಶುಪತಿ ಪಾರಸ್, ಈಗ ಅವರ ಅಣ್ಣನ ಮಗ ಚಿರಾಗ್ ಪಾಸ್ವಾನ್. ನಾಗರಿಕ ವಿಮಾನಯಾನವೂ ಹಾಗೆ ಓಡಾಡಿಕೊಂಡಿರುವ ಖಾತೆ.

ಒಂದು ಕಾಲದಲ್ಲಿ ಈ ಸಾಲಿನ ತಲೆಯಲ್ಲಿ ರೈಲ್ವೆ ಇತ್ತು. 1996ರಿಂದ 2012ರವರೆಗೆ ಪಾಸ್ವಾನ್, ನಿತೀಶ್, ಮಮತಾ, ಲಾಲು ಅದನ್ನು ಕಿತ್ತಾಡಿ ಪಡೆದರು. ಪ್ರತ್ಯೇಕ ರೈಲ್ವೆ ಬಜೆಟ್ ಇತ್ತಲ್ಲ, ವರ್ಷಕ್ಕೊಮ್ಮೆ ಇಡೀ ದೇಶ ಆ ಒಬ್ಬ ಸಚಿವರ ಬಾಯಿ ನೋಡುತ್ತಿತ್ತು. ತಮ್ಮ ರಾಜ್ಯಕ್ಕೆ ಹೊಸ ರೈಲು, ಹೊಸ ಕಾರ್ಖಾನೆ, ಹೊಸ ವಲಯ ಕಚೇರಿಯನ್ನು ತಾವೇ ಓದಿ ಹೇಳಬಹುದಿತ್ತು. 2017ರಲ್ಲಿ ಅದು ಸಾಮಾನ್ಯ ಬಜೆಟ್‌ನೊಳಗೆ ಕರಗಿತು. ಮಿತ್ರರ ಮಟ್ಟಿಗೆ ರೈಲ್ವೆಯ ರುಚಿ ಅರ್ಧ ಇಳಿದದ್ದು ಅಂದೇ ಎಂಬುದು ನನ್ನ ಲೆಕ್ಕ.

ಹಂಚಿಕೆ ಎಡವಿದರೆ ಏನಾಗುತ್ತದೆ ಎಂಬುದಕ್ಕೆ 2004ರ ಬಂದರು-ಹಡಗು ಖಾತೆಯನ್ನು ಮೀರಿಸುವ ಉದಾಹರಣೆ ಇಲ್ಲ. ಮೇ 22ಕ್ಕೆ ಮನಮೋಹನ್ ಸಿಂಗ್ ಸಂಪುಟದ ಪ್ರಮಾಣ, 23ಕ್ಕೆ ಖಾತೆ. ಹಡಗು ಖಾತೆ ಟಿಆರ್‌ಎಸ್‌ನ ಕೆ. ಚಂದ್ರಶೇಖರ ರಾವ್ ಅವರಿಗೆ ಹೋಯಿತು. ನಮಗೆ ಮಾತು ಕೊಟ್ಟದ್ದೇ ಬೇರೆ ಎಂದು ಡಿಎಂಕೆ ಸಚಿವರು ಕಚೇರಿಯ ಕಡೆ ತಲೆ ಹಾಕಲಿಲ್ಲ, ಅಧಿಕಾರವನ್ನೇ ವಹಿಸಿಕೊಳ್ಳಲಿಲ್ಲ. ಡಿಎಂಕೆಗೆ 16 ಸ್ಥಾನ, ಟಿಆರ್‌ಎಸ್‌ಗೆ 5. ಎರಡೇ ದಿನಕ್ಕೆ ರಾವ್ ಖಾತೆ ಬಿಟ್ಟುಕೊಟ್ಟರು, ಹಡಗು ಟಿ.ಆರ್. ಬಾಲು ಅವರ ಪಾಲಾಯಿತು, ರಾವ್ ತಿಂಗಳುಗಟ್ಟಲೆ ಖಾತೆಯಿಲ್ಲದ ಸಚಿವರಾಗಿ ಉಳಿದು ಆಮೇಲೆ ಕಾರ್ಮಿಕ ಖಾತೆ ಪಡೆದರು. ಸೀಟಿನ ಸಂಖ್ಯೆ ಮೊದಲೇ ಗೊತ್ತಿತ್ತು. ಮಾತುಕತೆ ಬಾಯಿಮಾತಲ್ಲಿ ನಿಂತಿತ್ತು, ತಪ್ಪಿದ್ದು ಅಲ್ಲಿ.

ಪುನಾರಚನೆಯ ವಿಷಯಕ್ಕೆ ಬಂದರೆ, ಕಾನೂನಿನಲ್ಲಿ ಎಲ್ಲ ಸಲೀಸು. ರಾಜೀನಾಮೆ ಪತ್ರ ಪ್ರಧಾನಿಗೆ, ಪ್ರಧಾನಿಯ ಸಲಹೆ ರಾಷ್ಟ್ರಪತಿಗೆ. ಅದೇ ದರ್ಜೆಯಲ್ಲಿ ಖಾತೆ ಬದಲಾದರೆ ಹೊಸ ಪ್ರಮಾಣ ಬೇಕಿಲ್ಲ, ರಾಜ್ಯ ಸಚಿವರು ಸಂಪುಟ ದರ್ಜೆಗೆ ಬಡ್ತಿ ಪಡೆದರೆ ಮತ್ತೆ ಪ್ರಮಾಣ ಮಾಡುತ್ತಾರೆ. 2021ರ ಜುಲೈ 7ರಂದು ಹೀಗೆ ಒಂದೇ ದಿನ 12 ಮಂದಿ ಹೊರಗೆ (ನಮ್ಮ ಸದಾನಂದ ಗೌಡರೂ ಅದರಲ್ಲಿದ್ದರು), ಸಂಜೆಗೆ 43 ಮಂದಿಯ ಪ್ರಮಾಣ. ಆದರೆ ಪ್ರಧಾನಿ ಇಷ್ಟು ಸರಾಗವಾಗಿ ಅಲುಗಾಡಿಸಬಲ್ಲದ್ದು ಸ್ವಂತ ಪಕ್ಷದ ಕುರ್ಚಿಗಳನ್ನು. ಮಿತ್ರಪಕ್ಷದ ಕುರ್ಚಿಯ ಕೀಲಿ ಆ ಪಕ್ಷದ ಅಧ್ಯಕ್ಷರ ಸೊಂಟದಲ್ಲಿರುತ್ತದೆ.

2012ರ ಮಾರ್ಚ್ 14ರಂದು ತೃಣಮೂಲದ ದಿನೇಶ್ ತ್ರಿವೇದಿ ರೈಲ್ವೆ ಬಜೆಟ್ ಮಂಡಿಸಿ ಪ್ರಯಾಣ ದರ ಏರಿಸಿದರು. ಪ್ರಧಾನಿಗೆ ಅದರ ಬಗ್ಗೆ ತಕರಾರಿರಲಿಲ್ಲ. ಕೋಲ್ಕತ್ತಾದಲ್ಲಿ ಮಮತಾ ಅವರಿಗೆ ಇತ್ತು. ಮಾರ್ಚ್ 18ಕ್ಕೆ ತ್ರಿವೇದಿ ರಾಜೀನಾಮೆ, 20ಕ್ಕೆ ಮುಕುಲ್ ರಾಯ್ ಪ್ರಮಾಣ, ಅದರ ಬೆನ್ನಿಗೇ ಕೆಳದರ್ಜೆಗಳ ದರ ಏರಿಕೆ ವಾಪಸ್. ಇದೇ ರಾಯ್ ಹಿಂದಿನ ವರ್ಷ ರೈಲ್ವೆ ರಾಜ್ಯ ಸಚಿವರಾಗಿದ್ದಾಗ, ಪ್ರಧಾನಿ ಹೇಳಿದರೂ ಅಸ್ಸಾಂನ ರೈಲು ಅಪಘಾತದ ಸ್ಥಳಕ್ಕೆ ಹೋಗದೆ ಆ ಹೊಣೆ ಕಳೆದುಕೊಂಡಿದ್ದವರು! ಮಿತ್ರಪಕ್ಷ ತನ್ನದೇ ಸಚಿವರನ್ನು ಇಳಿಸುವ ಇನ್ನೊಂದು ದಾರಿ ರಾಜ್ಯಸಭೆಯದು. ಉಕ್ಕು ಸಚಿವರಾಗಿದ್ದ ಜೆಡಿಯುನ ಆರ್‌ಸಿಪಿ ಸಿಂಗ್ ಅವರಿಗೆ 2022ರಲ್ಲಿ ಪಕ್ಷ ಮತ್ತೆ ರಾಜ್ಯಸಭೆ ಟಿಕೆಟ್ ಕೊಡಲಿಲ್ಲ. ಸದಸ್ಯತ್ವ ಮುಗಿಯುವ ಹೊತ್ತಿಗೆ ಅವರೇ ಸಂಪುಟದಿಂದ ಹೊರನಡೆದರು. 1997ರಲ್ಲಂತೂ ಡಿಎಂಕೆ ಸಚಿವರನ್ನು ಕೈಬಿಡಿ ಎಂದು ಹೊರಗಿನಿಂದ ಬೆಂಬಲಿಸುತ್ತಿದ್ದ ಕಾಂಗ್ರೆಸ್ ಪಟ್ಟು ಹಿಡಿದಾಗ ಪ್ರಧಾನಿ ಗುಜ್ರಾಲ್ ಒಪ್ಪಲಿಲ್ಲ, ಹೋದದ್ದು ಸರ್ಕಾರವೇ.

ಮಿತ್ರಪಕ್ಷದ ಸಚಿವರು ಎದ್ದುಹೋದ ಮೇಲೆ ಆ ಖಾಲಿ ಕುರ್ಚಿಗೆ ಏನಾಗುತ್ತದೆ ಎಂಬುದನ್ನು ಯಾರೂ ಹೆಚ್ಚು ಗಮನಿಸುವುದಿಲ್ಲ. 2018ರ ಮಾರ್ಚ್‌ನಲ್ಲಿ ತೆಲುಗುದೇಶಂ ಹೊರಬಂದಾಗ ವಿಮಾನಯಾನವನ್ನು ಬಿಜೆಪಿಯ ಸುರೇಶ್ ಪ್ರಭು ಅವರಿಗೆ ಹೆಚ್ಚುವರಿ ಹೊಣೆಯಾಗಿ, ಅಂದರೆ ಇದ್ದ ಖಾತೆಯ ಜೊತೆಗೆ ನೋಡಿಕೊಳ್ಳಿ ಎಂದು ಕೊಟ್ಟರು. 2019ರ ನವೆಂಬರ್‌ನಲ್ಲಿ ಸಾವಂತ್ ಬಿಟ್ಟ ಬೃಹತ್ ಕೈಗಾರಿಕೆ ಪ್ರಕಾಶ್ ಜಾವಡೇಕರ್ ಅವರಿಗೆ, ಹೆಚ್ಚುವರಿ. 2020ರಲ್ಲಿ ಕೃಷಿ ಮಸೂದೆಗಳ ಮೇಲೆ ಹರ್‌ಸಿಮ್ರತ್ ಬಿಟ್ಟ ಆಹಾರ ಸಂಸ್ಕರಣೆ ನರೇಂದ್ರ ಸಿಂಗ್ ತೋಮರ್ ಅವರಿಗೆ, ಹೆಚ್ಚುವರಿ. 2022ರಲ್ಲಿ ಉಕ್ಕು ಜ್ಯೋತಿರಾದಿತ್ಯ ಸಿಂಧಿಯಾ ಅವರಿಗೆ. 2024ರ ಮಾರ್ಚ್‌ನಲ್ಲಿ ಪಾರಸ್ ಬಿಟ್ಟದ್ದು ಕಿರಣ್ ರಿಜಿಜು ಅವರಿಗೆ. ಖಾಲಿ ಜಾಗಕ್ಕೆ ಸ್ವಂತ ಪಕ್ಷದವರನ್ನು ಪೂರ್ಣಾವಧಿಗೆ ಕೂರಿಸಿದರೆ ನಾಳೆ ಹೊಸ ಮಿತ್ರ ಬಂದಾಗ ಎಬ್ಬಿಸಬೇಕು, ಇವತ್ತೇ ನಾಲ್ವರು ಆಕಾಂಕ್ಷಿಗಳ ಮುನಿಸು ಬೇರೆ. ಟವೆಲ್ ಹಾಕಿ ಸೀಟು ಹಿಡಿದಿಟ್ಟ ಹಾಗೆ ಈ ಏರ್ಪಾಟು. 2012ರಲ್ಲಿ ತೃಣಮೂಲ ಸರ್ಕಾರ ತೊರೆದಾಗ ರೈಲ್ವೆ ಮಾತ್ರ ಸಿ.ಪಿ. ಜೋಶಿ ಅವರ ಬಳಿ ಐದೇ ವಾರ ಇತ್ತು. ಬೇಕಾದ ಖಾತೆಯಾದರೆ ಬೇಗ ತುಂಬುತ್ತದೆ.

ಪೆಟ್ಟು ಬೀಳುವುದು ಇಲಾಖೆಗೆ. ಬೃಹತ್ ಕೈಗಾರಿಕೆ ಇಪ್ಪತ್ತು ತಿಂಗಳು, ಪರಿಸರ ಮತ್ತು ವಾರ್ತಾ ಖಾತೆ ಎರಡನ್ನೂ ಹೊತ್ತಿದ್ದ ಸಚಿವರ ಮೂರನೇ ಹೊರೆಯಾಗಿತ್ತು. ಉಕ್ಕು ಎರಡು ವರ್ಷಕ್ಕೆ ಒಂದು ತಿಂಗಳು ಕಡಿಮೆ, ವಿಮಾನಯಾನದ ಜೊತೆಗಿನ ಎರಡನೇ ಖಾತೆ. ಭದ್ರಾವತಿಯ ಉಕ್ಕು ಕಾರ್ಖಾನೆ ವಿಐಎಸ್‌ಎಲ್ ಮುಚ್ಚಲು ಕೇಂದ್ರದ ಉಕ್ಕು ಕಂಪನಿ ‘ಸೇಲ್’ (SAIL) ಹೊರಟದ್ದು ಆ ಅವಧಿಯಲ್ಲೇ, 2023ರ ಆರಂಭದಲ್ಲಿ. ಹೆಚ್ಚುವರಿ ಹೊಣೆಯಿಂದಲೇ ಹಾಗಾಯಿತು ಎನ್ನಲಾರೆ, ಕಾರ್ಖಾನೆಯ ನಷ್ಟ ಹಳೆಯದು.

ಈ ಎರಡೂ ‘ಟವೆಲ್ ಖಾತೆ’ಗಳು ಈಗ ಕುಮಾರಸ್ವಾಮಿ ಅವರ ಕೈಲಿವೆ. ಒಂದರಲ್ಲಿ ಎಚ್‌ಎಂಟಿ, ಇನ್ನೊಂದರಲ್ಲಿ ಭದ್ರಾವತಿ, ಹಾಗಾಗಿ ನಮ್ಮ ಕಡೆ ನಿರೀಕ್ಷೆ ದೊಡ್ಡದು. ಆದರೆ ದೊಡ್ಡ ಮೊತ್ತದ ಪ್ಯಾಕೇಜ್ ಇಲಾಖೆಯ ಸಚಿವರ ಸಹಿಯಲ್ಲಿ ಮುಗಿಯುವುದಿಲ್ಲ, ಆರ್ಥಿಕ ವ್ಯವಹಾರಗಳ ಸಂಪುಟ ಸಮಿತಿಗೆ ಹೋಗಬೇಕು. 2025ರ ಜನವರಿಯಲ್ಲಿ ಆ ದಾರಿಯಲ್ಲಿ 11,440 ಕೋಟಿ ರೂಪಾಯಿ ದಾಟಿ ಬಂತು. ಹೋದದ್ದು ವಿಶಾಖಪಟ್ಟಣದ ಉಕ್ಕು ಕಾರ್ಖಾನೆಗೆ. ಖಾತೆ 2 ಸಂಸದರ ಪಕ್ಷದ್ದು, ಕಾರ್ಖಾನೆ 16 ಸಂಸದರ ಪಕ್ಷದ ರಾಜ್ಯದ್ದು.

ಅಂದಹಾಗೆ, 91ನೇ ತಿದ್ದುಪಡಿಯ ಪ್ರಕಾರ ಸಚಿವರ ಸಂಖ್ಯೆ ಲೋಕಸಭೆಯ ಶೇ 15 ದಾಟುವಂತಿಲ್ಲ. 543ಕ್ಕೆ ಅದು 81. ಮೊದಲ ದಿನ ತುಂಬಿದ್ದು 72. ಉಳಿದ ಒಂಬತ್ತನ್ನು ಮರೆತು ಬಿಟ್ಟದ್ದಲ್ಲ, ಮುನಿಸಿಕೊಂಡವರಿಗೆ ‘ಮುಂದಿನ ವಿಸ್ತರಣೆಯಲ್ಲಿ ನೋಡೋಣ’ ಎನ್ನಲು ಜಾಗ ಬೇಕಲ್ಲ.